ಮುಈದಾ ಅಂದರೆ ಯಾರು

ಮಿನ್ಯಾ ಅಲ್-ಕಮ್ಹ್
22 ಮಾರ್ಚ್ 2020

ನಗ್ಲಾ,

ಕಾಲೇಜು ಮುಚ್ಚಿತು. ಈ ಕಾಯಿಲೆ ತಗ್ಗುವ ತನಕ ಪಾಠವೆಲ್ಲ ಮನೆಯಿಂದಲೇ, ಇಂಟರ್ನೆಟ್ಟಿನಲ್ಲೇ ನಡೆಯಬೇಕು ಅಂತ ಆದೇಶ ಬಂದಿದೆ. ನಮ್ಮ ಪ್ರೊಫೆಸರ್ ಡಾಕ್ಟರ್ ಫಿಕ್ರಿ ಫೋನ್ ಮಾಡಿ ಹೇಳಿದ್ದು ಕೇಳು: "ಮಗಳೇ ವಿಸಾಮ್, ನಂಗೆ ಈ ಯಂತ್ರ ಗಿಂತ್ರ ಒಂದೂ ತಿಳಿಯಲ್ಲಮ್ಮ. ಪುಸ್ತಕದ ಪುಟ ಫೋಟೊ ಹೊಡ್ದು ಕಳಿಸ್ತೀನಿ, ಮಿಕ್ಕಿದ್ದು ನೀನೇ ನೋಡ್ಕೋ." ಮಿಕ್ಕಿದ್ದು ಅಂದರೆ ಎಲ್ಲವೂ. ಇಷ್ಟು ದಿನ ಅವರು ಲೆಕ್ಚರ್ ಕೊಡುತ್ತಿದ್ದರು, ನಾನು ಅದನ್ನೇ ಸೆಕ್ಷನ್ನಿನಲ್ಲಿ ಇನ್ನೊಮ್ಮೆ ಹೇಳಿ ಭೂಗೋಳದ ನಕ್ಷೆ ಬರೆಸುತ್ತಿದ್ದೆ. ಮುಈದಾ ಅಂದರೆ ಅಷ್ಟೇ ತಾನೇ, ಹೇಳಿದ್ದನ್ನು ಮತ್ತೆ ಹೇಳುವವಳು. ಈಗ ಮೊದಲು ಹೇಳುವವರೇ ಇಲ್ಲ, ಮತ್ತೆ ಹೇಳುವವಳೊಬ್ಬಳೇ ಉಳಿದಿದ್ದೇನೆ.

ನಾಳೆ ಎರಡನೇ ವರ್ಷದವರ ಮೊದಲ ಸೆಕ್ಷನ್. ಒಂದು ಉಪಕಾರ ಮಾಡು. ಈ ಪತ್ರದ ಕೆಳಗಿರುವ ಲಿಂಕ್ ಒತ್ತಿ ಒಳಗೆ ಬಾ. ನನ್ನ ಮಾತು ಕೇಳಿಸುತ್ತಾ, ನಕ್ಷೆ ಕಾಣಿಸುತ್ತಾ ನೋಡಿ ಹೇಳು. ಪ್ರತಿ ವಾರಕ್ಕೂ ಇದೇ ಲಿಂಕ್, ಹಾಗಾಗಿ ಒಂದು ಸಲ ಸರಿಹೋದರೆ ಸಾಕು. ಹುಡುಗರ ಮುಂದೆ ಮಾನ ಹೋಗಬಾರದು. ಜೊತೆಗೆ ಓದಿದವಳು, ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ?

ನಿನಗೇನು ಬಿಡು. ಅಲ್ಜೀರಿಯಾದಲ್ಲಿ ಬೆಚ್ಚನೆ ಮನೆ, ಪಕ್ಕದಲ್ಲಿ ಗಂಡ ಲಖ್ದರ್, ಕಿಟಕಿ ತೆಗೆದರೆ ಬೆಟ್ಟ. ನಾನಿಲ್ಲಿ ಈಜಿಪ್ಟಿನಲ್ಲಿ ಅಮ್ಮನ ಮಂಚದ ಕೆಳಗೆ ತೂರಿ ಪ್ಲಗ್ ಹುಡುಕುತ್ತಿದ್ದೇನೆ.

ವಿಸಾಮ್

&nbsp;

ಸೆತೀಫ್
25 ಮಾರ್ಚ್ 2020

ಡಾಕ್ಟೋರಾ ವಿಸಾಮ್ ಅವರ ಸನ್ನಿಧಾನಕ್ಕೆ,

ಹುಡುಗರೆಲ್ಲ ನಿನ್ನನ್ನು ಡಾಕ್ಟೋರಾ ಅಂತ ಕರೆಯುವುದನ್ನು ಕಿವಿಯಾರೆ ಕೇಳಿದೆ. ಡಾಕ್ಟರೇಟ್ ಹಾಳಾಗಲಿ, ಮಾಸ್ಟರ್ಸ್ ಪ್ರಬಂಧವೇ ಇನ್ನೂ ಮುಗಿದಿಲ್ಲ, ಆದರೂ ಡಾಕ್ಟೋರಾ. ಇರಲಿ. ಮಾತು ಕೇಳಿಸಿತು, ನಕ್ಷೆಯೂ ಕಂಡಿತು. ನಿನ್ನ ಬೆನ್ನ ಹಿಂದೆ ನಿಮ್ಮಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದೂ ಕಂಡಿತು. ಮುಂದಿನ ಸಲ ಕುರ್ಚಿ ತಿರುಗಿಸಿಕೋ.

ನಿನ್ನ ಪಾಠ ನಡೆಯುತ್ತಿದ್ದಾಗ ಅತ್ತೆ ಲಾಲ್ಲಾ ವರ್ದಿಯಾ ಬಂದು ಪಕ್ಕದಲ್ಲಿ ಕೂತರು. "ಯಾರ ಆಕಿ, ಪರದೆ ಮ್ಯಾಲೆ ಮಾತಾಡಾಕತ್ತಾಕಿ?" ಅಂದರು.

"ನನ್ನ ಗೆಳತಿ, ಲಾಲ್ಲಾ. ನಮ್ಮ ಕಾಲೇಜಲ್ಲಿ ಮುಈದಾ."

"ಅಯ್ಯ ಪಾಪ. ಇನ್ನೂ ಮುಈದಾನ? ನೀ ಮದಿವಿ ಆಗಿ ಬಂದಾಗೂ ಹಂಗ ಅಂದಿದ್ದಿ. ಬ್ಯಾರೆ ಏನರ ಕಲೀ ಅಂತ ಹೇಳಬಾರದ ಆಕಿಗೆ?"

ಇಲ್ಲಿಯವರ ಬಾಯಲ್ಲಿ ಮುಈದಾ ಅಂದರೆ ನಪಾಸಾಗಿ ಅದೇ ತರಗತಿಯಲ್ಲಿ ಮತ್ತೆ ಕೂತವಳು. ನಾನು ಹೊಸ ಸೊಸೆಯಾಗಿ ಬಂದ ಮೊದಲ ಊಟದಲ್ಲೇ ಜಂಬದಿಂದ, "ನಾನೂ ಮುಈದಾ ಆಗ್ಬೇಕಿತ್ತು, ಅರ್ಧ ಅಂಕದಲ್ಲಿ ತಪ್ಪಿಹೋಯ್ತು" ಅಂದಿದ್ದೆ. ಲಾಲ್ಲಾ ನನ್ನ ತಲೆ ಸವರಿ, "ತಪ್ಪಿತಲ್ಲವಾ, ಅಲ್ಲಾ ದೊಡ್ಡಾಂವ" ಅಂದುಬಿಟ್ಟರು. ನಾನು ಎರಡನೇ ಸ್ಥಾನ ಬಂದವಳು ಅಂತ ಆಮೇಲೆ ಬಿಡಿಸಿ ಹೇಳಿದೆ. ಆ ಪದಕ್ಕೆ ನಮ್ಮಲ್ಲಿ ಬೇರೆ ಅರ್ಥವಿದೆ ಅಂತ ಮಾತ್ರ ಹೇಳಲಿಲ್ಲ. ನೀನು ವರ್ಷವರ್ಷವೂ ನಪಾಸಾಗುತ್ತಿದ್ದೀಯ ಅಂತ ಈ ಮನೆಯವರೆಲ್ಲ ಮರುಗುತ್ತಾರೆ, ನನಗೆ ಒಳಗೊಳಗೇ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತದೆ. ಬೈದುಕೋ ಬೇಕಾದರೆ.

ಮೊದಲನೇ ಸ್ಥಾನ ಬಂದವಳನ್ನು ಕಾಲೇಜು ಇಟ್ಟುಕೊಳ್ಳುತ್ತದೆ, ಎರಡನೆಯವಳನ್ನು ಮದುವೆಗೆ ಬಿಟ್ಟುಕೊಡುತ್ತದೆ. ನೀನು "ಈ ಗೆರೆ ನೋಡಿ ಮಕ್ಕಳೇ" ಅಂದಾಗ ನನ್ನ ಕೈ ತಾನೇ ಮೇಲಕ್ಕೆದ್ದಿತು, ಸೀಮೆಸುಣ್ಣ ಹಿಡಿದ ಹಾಗೆ. ನಾನು ಬಾಣಲೆ ಸೌಟು ಹಿಡಿದುಕೊಂಡಿದ್ದೆ.

ವಾಯ್ಸ್ ಮೆಸೇಜ್ ಕಳಿಸಬೇಡ, ಬರೆದೇ ಕಳಿಸು. ಈ ಮನೆಯಲ್ಲಿ ಗೋಡೆಗೂ ಕಿವಿ.

ನಗ್ಲಾ

&nbsp;

ಮಿನ್ಯಾ ಅಲ್-ಕಮ್ಹ್
13 ಏಪ್ರಿಲ್ 2020

ನಗ್ಲಾ,

ನಿಮ್ಮತ್ತೆಗೆ ನನ್ನ ಸಲಾಮ್ ಹೇಳು. ಈ ವರ್ಷವೂ ನಪಾಸಾಗುವ ಲಕ್ಷಣ ಕಾಣುತ್ತಿದೆ ಅಂತಲೂ ಹೇಳು.

ಈಗ ಸಮೋನ್ನತಿ ರೇಖೆಗಳ ಪಾಠ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ, ಹತ್ತಿರ ಬಂದರೆ ಕಡಿದು, ದೂರ ಸರಿದರೆ ಇಳಿಜಾರು. ಹೇಳಿ ಹೇಳಿ ನನ್ನ ಗಂಟಲು ಹರಿಯಿತು. ಇವರೆಲ್ಲ ಡೆಲ್ಟಾದ ಮಕ್ಕಳು ಕಣೇ, ರೊಟ್ಟಿ ತಟ್ಟಿದ ಹಾಗಿರುವ ನೆಲದಲ್ಲಿ ಹುಟ್ಟಿದವರು. ಇವರು ಕಂಡ ದೊಡ್ಡ ಗುಡ್ಡ ಅಂದರೆ ಕಾಲುವೆಯ ಏರಿ. ನಾನು ತಾನೇ ಇನ್ನೇನು ಕಂಡಿದ್ದೇನೆ? ಫಿಕ್ರಿ ಹೇಳಿದ್ದನ್ನು ಹೇಳುತ್ತೇನೆ.

ಇದರ ನಡುವೆ ಒಬ್ಬಳು ಗಂಟುಬಿದ್ದಿದ್ದಾಳೆ. ಶುರೂಕ್ ಅಂತೆ ಹೆಸರು. ಮುಖ ತೋರಿಸುವುದಿಲ್ಲ, ಬಾಯಿ ಬಿಡುವುದಿಲ್ಲ, ಎಲ್ಲ ಟೈಪ್ ಮಾಡುವುದೇ. ನಾನು ಅರ್ಧ ಗಂಟೆ ಹೆಣಗಿದ ಮೇಲೆ ಅವಳು ಎರಡು ಸಾಲು ಹಾಕುತ್ತಾಳೆ: "ಒಂದು ಆಲೂಗಡ್ಡೆ ಅರ್ಧ ಮಾಡಿ ಬೋರಲು ಇಡಿ. ಅಡ್ಡಡ್ಡ ಬಿಲ್ಲೆ ಕೊಯ್ಯಿರಿ. ಒಂದೊಂದು ಬಿಲ್ಲೆಯನ್ನೂ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಅದೇ ಬೆಟ್ಟ." ಹುಡುಗರೆಲ್ಲ ಅಡಿಗೆಮನೆಗೆ ಓಡಿದರು. ಕಿರೊಲ್ಲುಸ್ ಅನ್ನುವ ತರಲೆಯೊಬ್ಬ ಇದ್ದಾನೆ, "ಡಾಕ್ಟೋರಾ, ಇಷ್ಟು ವರ್ಷದ ಓದಿಗಿಂತ ಒಂದು ಆಲೂಗಡ್ಡೆ ಮೇಲು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡಲಿ?

ಹಾಜರಿಯಲ್ಲಿ ಅವಳ ಹೆಸರಿಲ್ಲ. ಹೋದ ವರ್ಷ ಬಾಕಿ ಉಳಿದವಳಿರಬೇಕು. ನಪಾಸಾದವಳಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ನೀನೇ ಹೇಳು. ಈಗ ಹುಡುಗರು ಸಂಶಯ ಬಂದರೆ ನನ್ನನ್ನು ಕೇಳುವುದಿಲ್ಲ, "ಶುರೂಕ್ ಏನಂತಾಳೆ?" ಅಂತಾರೆ. ಅವಳ ಹೆಸರು ಪರದೆಯ ಮೇಲೆ ಬಂದರೆ ನನ್ನ ಮೈಯೆಲ್ಲ ಉರಿಯುತ್ತದೆ.

ವಿಸಾಮ್

&nbsp;

ಸೆತೀಫ್
14 ಏಪ್ರಿಲ್ 2020

ವಿಸಾಮ್,

ಆಲೂಗಡ್ಡೆ ಉಪಾಯ ಕೇಳಿ ನನಗೆ ಬಹಳ ಹಿಡಿಸಿತು. ಯಾರಿಗೆ ಹೊಳೆಯುತ್ತದೆ ಹೇಳು ಅಂಥದ್ದು? ಹುಡುಗರು ಇನ್ನೂ ಏನೇನು ಅಂದರು? ನಿಜವಾಗಿಯೂ "ಶುರೂಕ್ ಏನಂತಾಳೆ" ಅಂತಲೇ ಕೇಳುತ್ತಾರಾ? ಹುಡುಗಿಯರೂ ಕೇಳುತ್ತಾರಾ, ಹುಡುಗರು ಮಾತ್ರಾನಾ? ಸ್ವಲ್ಪ ಬಿಡಿಸಿ ಬರೆ.

ಅವಳನ್ನು ಹೊರಗೆ ಹಾಕಲು ಹೋಗಬೇಡ ಮಾರಾಯ್ತಿ. ಪಾಪ, ಎಲ್ಲೋ ಮೂಲೆಯಲ್ಲಿ ಕೂತು ಓದುವ ಆಸೆಯಿಂದ ಬರುತ್ತಾಳೇನೋ. ನಿನಗೆ ಕೆಲಸ ಇದೆ, ಹೆಸರು ಇದೆ. ಅವಳಿಂದ ನಿನಗೇನು ಕಮ್ಮಿಯಾಗುತ್ತದೆ?

ಲಖ್ದರ್ ಚೆನ್ನಾಗಿದ್ದಾನೆ. ನಾವೆಲ್ಲ ಚೆನ್ನಾಗಿದ್ದೇವೆ.

ನಗ್ಲಾ

&nbsp;

ಮಿನ್ಯಾ ಅಲ್-ಕಮ್ಹ್
29 ಏಪ್ರಿಲ್ 2020

ಮಾನ್ಯ ನಗ್ಲಾ ಅವರಿಗೆ,

ಇವತ್ತು ಸೆಕ್ಷನ್ ಶುರುವಾಗುವ ಮೊದಲೇ ಕೇಳಿದೆ. "ಶುರೂಕ್, ನಿನ್ನ ಹೆಸರು ನನ್ನ ಪಟ್ಟೀಲಿಲ್ಲ. ಯಾವ ವರ್ಷದವಳಮ್ಮ ನೀನು?"

ಅವಳು ಟೈಪ್ ಮಾಡಿದಳು: "ನಾನು ಮುಈದಾ."

ರಂಜಾನ್ ಉಪವಾಸದ ಹೊತ್ತು ಅನ್ನುವುದನ್ನೂ ಮರೆತು ಎಲ್ಲ ಬಿದ್ದು ಬಿದ್ದು ನಕ್ಕರು. ಹಾಗರ್ ಅನ್ನುವವಳು, "ಹಾಗಾದ್ರೆ ನಮಗೆ ಇಬ್ರು ಮುಈದಾ" ಅಂದಳು. ಕಿರೊಲ್ಲುಸ್, "ಡಾಕ್ಟೋರಾ, ನಿಮ್ಮ ಕೆಲಸಕ್ಕೆ ಸಂಚಕಾರ ಬಂತು ನೋಡಿ" ಅಂದ. ಅಷ್ಟರಲ್ಲಿ ಶುರೂಕ್ ಮಾಯ.

ಹುಡುಗರಿಗೆ ಅದು ತಮಾಷೆ. ನಾನು ನಿನ್ನ ಹಳೆಯ ಪತ್ರ ತೆಗೆದು ಓದಿದೆ. ಈ ದೇಶದಲ್ಲಿ ನಪಾಸಾದವರನ್ನು ಬಾಕಿ ಅನ್ನುತ್ತಾರೆ, ಹಸುಗೂಸಿಗೂ ಗೊತ್ತು. ನಪಾಸಾದವಳನ್ನು ಮುಈದಾ ಅನ್ನುವ ಊರು ಯಾವುದು ಅಂತ ನೀನೇ ನನಗೆ ಬರೆದಿದ್ದೆ. ನಾಲ್ಕು ವರ್ಷ ಆ ಊರಿನ ಅನ್ನ ತಿಂದ ನಾಲಿಗೆ, ಸುಳ್ಳು ಹೇಳಲು ಹೋಗಿ ಅಲ್ಲಿಯ ಮಾತೇ ಆಡಿಬಿಟ್ಟಿತು.

ನಿನ್ನ ಮೇಲೆ ನಾನು ಚಾಡಿ ಹೇಳಿದ್ದನ್ನೆಲ್ಲ ನಿನಗೇ ಬರೆದೆನಲ್ಲ. ನೀನು ಅದನ್ನು ಓದಿ ಖುಷಿಪಟ್ಟು, "ಹುಡುಗಿಯರೂ ಕೇಳುತ್ತಾರಾ" ಅಂತ ಕೇಳಿದೆಯಲ್ಲ. ನಾಚಿಕೆಯಾಗಲಿಲ್ಲವಾ ನಿನಗೆ? ನನ್ನ ಎದುರು ಬಂದು ನಿಲ್ಲಲು ಧೈರ್ಯವಿಲ್ಲ, ಕಳ್ಳಬೆಕ್ಕಿನ ಹಾಗೆ ಹಿತ್ತಿಲಿನಿಂದ ಬಂದೆ.

ಲಿಂಕ್ ಬದಲಾಯಿಸಿದ್ದೇನೆ.

ವಿಸಾಮ್

&nbsp;

ಸೆತೀಫ್
30 ಏಪ್ರಿಲ್ 2020

ವಿಸಾಮ್,

ಬೈಗುಳವೆಲ್ಲ ನನ್ನದೇ, ತೆಗೆದುಕೊಂಡೆ. ಆದರೆ ಕ್ಷಮಿಸು ಅನ್ನಲಾರೆ. ಮತ್ತೆ ಲಿಂಕ್ ಸಿಕ್ಕಿದರೆ ಮತ್ತೆ ಬರುತ್ತೇನೆ.

ನೀನು ತಪ್ಪು ಹೇಳುತ್ತಿದ್ದೆ, ಅದನ್ನು ಕೇಳಿಕೊಂಡು ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ. ತಪ್ಪು ಕೂಡ ಅಲ್ಲ, ಸಪ್ಪೆ. ನನ್ನದಾಗಬೇಕಿದ್ದ ಕುರ್ಚಿಯಲ್ಲಿ ಕೂತು ಸಪ್ಪೆಯಾಗಿ ಪಾಠ ಮಾಡುತ್ತೀಯಲ್ಲ ಅಂತ ಹೊಟ್ಟೆ ಉರಿಯಿತು. ಚೆನ್ನಾಗಿ ಮಾಡಿದ್ದರೂ ಉರಿಯುತ್ತಿತ್ತು. ಹೇಗಿದ್ದರೂ ಉರಿಯುತ್ತಿತ್ತು.

ಬೆಚ್ಚನೆ ಮನೆ, ಪಕ್ಕದಲ್ಲಿ ಗಂಡ ಅಂತ ನೀನು ಬರೆದಿದ್ದೆ. ಲಖ್ದರ್ ಮರುಭೂಮಿಯ ಎಣ್ಣೆ ಬಾವಿಗೆ ಕೆಲಸಕ್ಕೆ ಹೋದವನು ದಾರಿಯೆಲ್ಲ ಮುಚ್ಚಿದ ಮೇಲೆ ಅಲ್ಲೇ ಸಿಕ್ಕಿಕೊಂಡಿದ್ದಾನೆ. ಗಡಿ ಮುಚ್ಚಿದೆ, ನಾನು ಈಜಿಪ್ಟಿಗೂ ಬರಲಾರೆ. ನಾನು ಮತ್ತು ಲಾಲ್ಲಾ, ಮುಖ ಮುಖ ನೋಡಿಕೊಂಡು ಕೂತಿದ್ದೇವೆ. ವಾರಕ್ಕೊಮ್ಮೆ ಶುರೂಕ್ ಅಂತ ಟೈಪ್ ಮಾಡುವುದೊಂದೇ ನನಗಿದ್ದ ಹಬ್ಬ. ಅದನ್ನೂ ನೀನು ಮುಚ್ಚಿದೆ.

ನಗ್ಲಾ

&nbsp;

ಸೆತೀಫ್
24 ಮೇ 2020

ವಿಸಾಮ್,

ಹಬ್ಬದ ಶುಭಾಶಯ. ನಿಮ್ಮಮ್ಮನಿಗೂ ಹೇಳು. ಉತ್ತರ ಬರೆಯಲೇಬೇಕೆಂದಿಲ್ಲ.

ನಗ್ಲಾ

&nbsp;

ಮಿನ್ಯಾ ಅಲ್-ಕಮ್ಹ್
9 ಅಕ್ಟೋಬರ್ 2020

ನಗ್ಲಾ,

ಕಷ್ಟ ಬಂದಾಗ ಮಾತ್ರ ನೆನಪಾಯಿತೇ ಅಂತ ನೀನು ಕೇಳುವ ಮೊದಲೇ ಹೇಳುತ್ತೇನೆ, ಹೌದು.

ಮುಈದಾ ಆಗಿ ನನ್ನ ಐದು ವರ್ಷ ಬರುವ ಫೆಬ್ರವರಿಗೆ ಮುಗಿಯುತ್ತದೆ. ಅಷ್ಟರಲ್ಲಿ ಮಾಸ್ಟರ್ಸ್ ಪ್ರಬಂಧ ಪಾಸಾಗಬೇಕು, ಇಲ್ಲದಿದ್ದರೆ ಕಚೇರಿಗೆ ಎತ್ತಿಹಾಕುತ್ತಾರೆ. ನಿಯಮ ನಿನಗೂ ಗೊತ್ತು. ಕಬ್ಬಿಣದ ಕಿಟಕಿಯ ಹಿಂದೆ ಕೂತು, ನಾನೇ ಪಾಠ ಹೇಳಿದ ಮಕ್ಕಳ ಅರ್ಜಿಗೆ ಮುದ್ರೆ ಒತ್ತಬೇಕು ಜೀವಮಾನವಿಡೀ. ಪ್ರಬಂಧ ಅರ್ಧವೂ ಆಗಿಲ್ಲ. ಫಿಕ್ರಿಗೆ ಈ ಮಾತು ಹೇಳಿದರೆ, "ಓದೋ ಮನಸಿದ್ರೆ ಟೈಮ್ ತಾನಾಗೇ ಸಿಗುತ್ತಮ್ಮ" ಅಂತ ಹೊಸ ಮೊದಲನೇ ವರ್ಷದವರನ್ನೂ ನನ್ನ ತಲೆಗೇ ಕಟ್ಟಿದರು.

ಸೆಕ್ಷನ್‌ಗಳೆಲ್ಲ ಈ ಟರ್ಮ್ ಕೂಡ ಮನೆಯಿಂದಲೇ. ಮೊದಲನೇ ವರ್ಷದ ಮಕ್ಕಳು ನನ್ನ ಮುಖ ಕಂಡಿಲ್ಲ, ಧ್ವನಿ ಕೇಳಿಲ್ಲ. ಕ್ಯಾಮೆರಾ ಯಾರೂ ಹಾಕುವುದಿಲ್ಲ.

ಬಾಯಿ ಬಿಟ್ಟು ಕೇಳುವುದು ನನಗೆ ಸಾವು. ಆದರೂ ಕೇಳುತ್ತಿದ್ದೇನೆ. ಆ ತರಗತಿ ನೀನು ತೆಗೆದುಕೋ. ನನ್ನ ಖಾತೆಯಿಂದ, ನನ್ನ ಹೆಸರಿನಲ್ಲಿ. ಬೇಕು ಬೇಕು ಅಂತ ಬೇಲಿ ಹಾರಿ ಬಂದಿದ್ದೆಯಲ್ಲ, ಈಗ ಬಾಗಿಲು ತೆಗೆದಿದ್ದೇನೆ.

ವಿಸಾಮ್

&nbsp;

ಸೆತೀಫ್
10 ಅಕ್ಟೋಬರ್ 2020

ವಿಸಾಮ್,

ನಿನ್ನ ಹೆಸರಿನಲ್ಲಿ ಅಂದೆ. ಪತ್ರವನ್ನು ಮಡಚಿಡುವಂತಿದ್ದರೆ ಮಡಚಿಟ್ಟು ಉತ್ತರ ಬರೆಯದೆ ಕೂರುತ್ತಿದ್ದೆ. ಇಡೀ ಬೆಳಿಗ್ಗೆ ಆಗುವುದಿಲ್ಲ ಅಂತ ಬರೆಯೋಣವೆಂದು ಕೂತಿದ್ದೆ.

ಆಗುತ್ತದೆ. ಪಾಸ್‌ವರ್ಡ್ ಕಳಿಸು. ಒಂದು ಷರತ್ತು: ನಾನು ಪಾಠ ಮಾಡುವಾಗ ನೀನು ಒಳಗೆ ಬರಕೂಡದು.

ನಗ್ಲಾ

&nbsp;

ಸೆತೀಫ್
8 ನವೆಂಬರ್ 2020

ವಿಸಾಮ್,

ನಿನ್ನ ಮಕ್ಕಳ ಸುದ್ದಿ ಕೇಳು. ನನ್ನ ಮಕ್ಕಳು ಅಂತ ಬರೆದು ಅಳಿಸಿದೆ.

ಮೊದಲ ದಿನ "ಡಾಕ್ಟೋರಾ" ಅಂತ ಒಬ್ಬಳು ಕರೆದಾಗ ಯಾರನ್ನೋ ಕರೆಯುತ್ತಿದ್ದಾಳೆ ಅಂತ ಕಾದೆ. ಮೈದಾ ಅಂತ ಒಂದು ಹುಡುಗಿ ಇದ್ದಾಳೆ, ಮೊದಲ ವಾರ ಬಾಯೇ ಬಿಡಲಿಲ್ಲ. ಈಗ ನಾನು ನಿಲ್ಲಿಸಿದರೂ ಅವಳು ನಿಲ್ಲಿಸುವುದಿಲ್ಲ. ನಕ್ಷೆಯ ಅಳತೆ ಹೇಳಿಕೊಡಲು ಅವರವರ ಮನೆಯಿಂದ ರೊಟ್ಟಿ ಅಂಗಡಿಗೆ ಹೋಗುವ ದಾರಿ ಬರೆಸಿದೆ. ಒಬ್ಬ ದಾರಿಯಲ್ಲಿ ನಾಯಿ ಮಲಗುವ ಜಾಗವನ್ನೂ ಗುರುತು ಹಾಕಿದ್ದ. ಎಲ್ಲರೂ ನಕ್ಕು ನಕ್ಕು ಸುಸ್ತಾದರು.

ನಾನು ಕಿವಿಗೆ ಇಯರ್‌ಫೋನ್ ಹಾಕಿ, ಪುಸ್ತಕ ಹರಡಿಕೊಂಡು ಕೂತಿದ್ದನ್ನು ಲಾಲ್ಲಾ ನೋಡಿದರು. ಸೊಂಟದ ಮೇಲೆ ಕೈ ಇಟ್ಟುಕೊಂಡು, "ಕಡೀಕ ನೀನೂ ಮುಈದಾ ಆದಿ ನೋಡು" ಅಂದರು. "ಹೌದು ಲಾಲ್ಲಾ, ಕೊನೆಗೂ ಆದೆ" ಅಂದೆ. ಪಾಪ ಅಂತ ಒಂದು ತಟ್ಟೆ ಖರ್ಜೂರ ತಂದಿಟ್ಟರು.

ಪ್ರಬಂಧ ಎಲ್ಲಿಗೆ ಬಂತು? ನಿಧಾನವಾಗಿ ಬರೆ. ಅವಸರ ಮಾಡಬೇಡ.

ನಗ್ಲಾ

&nbsp;

ಮಿನ್ಯಾ ಅಲ್-ಕಮ್ಹ್
3 ಡಿಸೆಂಬರ್ 2020

ನಗ್ಲಾ,

ಷರತ್ತು ಮುರಿದೆ. ಅಮ್ಮನ ಫೋನಿನಿಂದ ಒಳಗೆ ಬಂದು ಕೇಳಿದೆ. ಹೆಸರು ಹಾಕಲಿಲ್ಲ, ಹೆಸರಿಡುವ ಬುದ್ಧಿ ನಿನಗಿರುವಷ್ಟು ನನಗಿಲ್ಲ.

ಅವರು ನಗುತ್ತಾರೆ ಅಂತ ನೀನು ಬರೆದಿದ್ದೆ. ಇಷ್ಟು ನಗುತ್ತಾರೆ ಅಂತ ಬರೆದಿರಲಿಲ್ಲ. ಐದು ವರ್ಷದಲ್ಲಿ ನನ್ನ ಮಾತಿಗೆ ಒಂದು ಸೆಕ್ಷನ್ನಿನಲ್ಲೂ ಯಾರೂ ಹಾಗೆ ನಕ್ಕಿಲ್ಲ. ಪಾಠ ಮುಗಿದ ಮೇಲೂ ಯಾರೂ ಹೋಗಲಿಲ್ಲ, "ಡಾಕ್ಟೋರಾ ವಿಸಾಮ್, ಇನ್ನೊಂದು, ಇನ್ನೊಂದು" ಅಂತ ಗೋಗರೆದರು. ನನ್ನ ಹೆಸರನ್ನು ಅಷ್ಟು ಪ್ರೀತಿಯಿಂದ ಕರೆಯುವುದನ್ನು ಮೊದಲ ಸಲ ಕೇಳಿದೆ. ಅದೂ ನಿನ್ನನ್ನು ಕರೆದದ್ದು.

ಫಿಕ್ರಿಗೂ ಸುದ್ದಿ ಮುಟ್ಟಿದೆ. "ಭೇಷ್ ವಿಸಾಮ್, ಈ ವರ್ಷ ಅರಳಿಬಿಟ್ಟೆ ನೀನು" ಅಂದರು. ಬಾಯಿಗೆ ಮಣ್ಣು ಹಾಕಿಕೊಂಡ ಹಾಗಾಯಿತು, ಆದರೂ ಥ್ಯಾಂಕ್ಸ್ ಅಂದೆ.

ನಿಲ್ಲಿಸು ಅನ್ನಬೇಕು ಅಂತ ಈ ಪತ್ರ ಶುರುಮಾಡಿದೆ. ಪ್ರಬಂಧದ ಎರಡು ಅಧ್ಯಾಯ ಬಾಕಿ ಇದೆ, ನಿಲ್ಲಿಸು ಅನ್ನುವ ಹಾಗಿಲ್ಲ. ಸ್ವಲ್ಪ ಕಡಿಮೆ ಚೆನ್ನಾಗಿ ಮಾಡು. ಅಷ್ಟನ್ನಾದರೂ ಮಾಡು ನನಗಾಗಿ.

ವಿಸಾಮ್

&nbsp;

ಸೆತೀಫ್
11 ಜನವರಿ 2021

ವಿಸಾಮ್,

ಒಂದು ಎಡವಟ್ಟಾಗಿದೆ, ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಮೊನ್ನೆ ಬೆಳಿಗ್ಗೆ ಎದ್ದರೆ ಮೆಗ್ರಿಸ್ ಬೆಟ್ಟದ ಮೇಲೆಲ್ಲ ಹಿಮ. ಹಿಮ ಬಿದ್ದಾಗ ಬೆಟ್ಟದ ಮಡಿಕೆ ಮಡಿಕೆಯೂ ಎದ್ದು ಕಾಣುತ್ತದೆ, ಎಲ್ಲಿ ಕಡಿದು, ಎಲ್ಲಿ ಇಳಿಜಾರು, ಎಲ್ಲಿ ನೀರು ಹರಿದ ಕೊರಕಲು. ಅವತ್ತು ಅದೇ ಪಾಠ. ಬೆಟ್ಟ ಕಾಣದ ಮಕ್ಕಳು, ತೋರಿಸದೆ ಇರಲಾಗಲಿಲ್ಲ. ಕ್ಯಾಮೆರಾ ಕಿಟಕಿಗೆ ತಿರುಗಿಸಿ, "ಇಲ್ಲಿ ನೋಡಿ, ಗೆರೆಗಳು ಇಲ್ಲಿ ಒತ್ತಾಗಿ ಬರುತ್ವೆ" ಅಂದೆ.

ಮಿನ್ಯಾ ಅಲ್-ಕಮ್ಹ್‌ನಲ್ಲಿ ಹಿಮ. ಮೈದಾ ಕೇಳಿದಳು, "ಡಾಕ್ಟೋರಾ, ಎಲ್ಲಿದೀರಾ ನೀವು?" ವಿಡಿಯೊ ಅಂದೆ. ಇನ್ನೊಬ್ಬ, "ವಿಡಿಯೊದಲ್ಲಿ ಪರದೆ ಬಟ್ಟೆ ಅಲ್ಲಾಡ್ತಿದೆಯಲ್ಲ" ಅಂದ. ಒಳ್ಳೆ ವಿಡಿಯೊ ಅಂದೆ. ನಂಬಿದರು ಅಂದುಕೊಂಡಿದ್ದೇನೆ.

ಆದರೆ ಆ ಐದು ನಿಮಿಷ ಇದೆಯಲ್ಲ ವಿಸಾಮ್, ಅವರೆಲ್ಲ ಸುಮ್ಮನೆ ಬೆಟ್ಟ ನೋಡಿದರು.

ನಗ್ಲಾ

&nbsp;

ಮಿನ್ಯಾ ಅಲ್-ಕಮ್ಹ್
12 ಜನವರಿ 2021

ನಿನಗೆ ತಲೆ ನೆಟ್ಟಗಿದೆಯಾ? ಸಿಕ್ಕಿಬಿದ್ದರೆ ಕಚೇರಿಯ ಕಿಟಕಿಯೂ ಸಿಗುವುದಿಲ್ಲ ನನಗೆ, ಬೀದಿಯೇ ಗತಿ. ನಿನಗೇನು ಹೋಗುತ್ತದೆ? ನಿನ್ನ ಹೆಸರೆಲ್ಲಿದೆ ಇದರಲ್ಲಿ? ದೂರದ ಬೆಟ್ಟ ನುಣ್ಣಗೆ ಅಂತ ಅಲ್ಲಿಂದ ಕೂತು ನೋಡುತ್ತಿದ್ದೀಯ, ಇಲ್ಲಿ ಕಾಲಿಟ್ಟವಳಿಗೆ ಗೊತ್ತು ಕಲ್ಲುಮುಳ್ಳು.

ನಾನು ಇಪ್ಪತ್ತೇಳು ವರ್ಷದಲ್ಲಿ ಒಂದು ಬೆಟ್ಟ ನೋಡಿಲ್ಲ. ಅವರಿಗೆ ತೋರಿಸಿದೆ, ನನಗೆ ತೋರಿಸಲಿಲ್ಲ.

ವಿ.

&nbsp;

ಮಿನ್ಯಾ ಅಲ್-ಕಮ್ಹ್
25 ಫೆಬ್ರವರಿ 2021

ನಗ್ಲಾ,

ಪ್ರಬಂಧ ಪಾಸಾಯಿತು. ಪರೀಕ್ಷಕರು ಮೂವರೂ ಒಪ್ಪಿದರು, ಕೆಲಸ ಉಳಿಯಿತು. ಅಮ್ಮ ಬೀದಿಗೆಲ್ಲ ಶರಬತ್ತು ಹಂಚಿದಳು. ಎಲ್ಲರ ಮುಂದೆ ಫಿಕ್ರಿ ಎದ್ದು, "ಸಂಶೋಧನೆ ಒಂದು ಕಡೆ, ಪಾಠ ಒಂದು ಕಡೆ, ಎರಡನ್ನೂ ತೂಗಿಸ್ಕೊಂಡು ಹೋದ ಹುಡುಗಿ ಇವಳು" ಅಂದರು. ನಾನು ತಲೆ ತಗ್ಗಿಸಿದೆ. ವಿನಯ ಅಂದುಕೊಂಡರು.

ನಿನ್ನ ಉಪಕಾರ ದೊಡ್ಡದು. ಅದನ್ನು ಹೇಳಲು ನನಗೆ ನಾಲಿಗೆ ಹೊರಳುವುದಿಲ್ಲ, ಬರೆದು ಹೇಳುತ್ತಿದ್ದೇನೆ.

ಮುಂದಿನ ಟರ್ಮ್ ಮಾರ್ಚಿನಲ್ಲಿ ಶುರು. ಮೊದಲನೇ ವರ್ಷದವರೂ ಕಾಲೇಜಿಗೇ ಬರುತ್ತಾರೆ, ಹಾಲ್‌ನಲ್ಲೇ ಪಾಠ. ಇನ್ನು ಲಿಂಕ್ ಇರುವುದಿಲ್ಲ.

ವಿಸಾಮ್

&nbsp;

ಸೆತೀಫ್
27 ಫೆಬ್ರವರಿ 2021

ವಿಸಾಮ್,

ಮುಬಾರಕ್. ನಿಜವಾಗಿ ಹೇಳುತ್ತಿದ್ದೇನೆ, ಆದರೆ ಒಂದು ದಿನ ತಡೆದು ಬರೆದೆ, ನಿಜವಾಗಲಿ ಅಂತ.

ಲಿಂಕ್ ಇರುವುದಿಲ್ಲ ಅನ್ನುವ ಮಾತನ್ನು ನೀನು ಕೊನೆಯಲ್ಲಿ, ಸೊಪ್ಪಿನ ಜೊತೆ ಕೊತ್ತಂಬರಿ ಹಾಕಿದ ಹಾಗೆ ಹಾಕಿದ್ದೀಯ. ನಾನು ಅದೊಂದು ಸಾಲನ್ನೇ ಓದಿದೆ. ಬರೆಯುವಾಗ ನಿನಗೆ ಖುಷಿಯಾಗಿರಬೇಕು. ನಿನ್ನ ಜಾಗದಲ್ಲಿದ್ದರೆ ನನಗೂ ಆಗುತ್ತಿತ್ತು.

ಕೊನೆಯ ಸೆಕ್ಷನ್ನಿನಲ್ಲಿ ಅವರೆಲ್ಲ ಡಾಕ್ಟೋರಾ ವಿಸಾಮ್‌ಗೆ ಅಂತ ಸಾಲು ಸಾಲು ಬರೆದರು. ನಾನೇ ಒಂದೊಂದಕ್ಕೂ ಹೃದಯದ ಗುರುತು ಒತ್ತಿದೆ, ನಿನ್ನ ಪರವಾಗಿ. ಅವೆಲ್ಲ ನಿನ್ನ ಖಾತೆಯಲ್ಲಿವೆ, ಓದಿಕೋ. ನನ್ನ ಹತ್ತಿರ ಒಂದೂ ಇಲ್ಲ.

ಒಂದೇ ಕೇಳುತ್ತೇನೆ. ನಾನು ಯಾರು ಅಂತ ಹೇಳಬೇಡ, ನಿನ್ನ ಕೆಲಸಕ್ಕೆ ಕುತ್ತು ಬೇಡ. ಮೈದಾ ಮಾತಾಡುತ್ತಾಳಾ ಇಲ್ಲವಾ, ಅಷ್ಟು ಮಾತ್ರ ಬರೆ. ಹಾಲ್ ದೊಡ್ಡದು, ಅವಳು ಮತ್ತೆ ಮೂಲೆ ಹಿಡಿಯುತ್ತಾಳೆ.

ನಗ್ಲಾ

&nbsp;

ಮಿನ್ಯಾ ಅಲ್-ಕಮ್ಹ್
30 ಮಾರ್ಚ್ 2021

ನಗ್ಲಾ,

ಇದನ್ನು ನಿನಗೆ ಬರೆಯಬಾರದು ಅಂತಲೇ ಇದ್ದೆ. ಸಾಯುವ ತನಕ ಬರೆಯಬಾರದು ಅಂತಿದ್ದೆ. ಆದರೆ ಜಗತ್ತಿನಲ್ಲಿ ಇದನ್ನು ಹೇಳಿಕೊಳ್ಳಲು ನೀನೊಬ್ಬಳೇ ಇರುವುದು, ಅದು ನನ್ನ ಹಣೆಬರಹ.

ಮೊದಲ ದಿನ ಹಾಲ್ ತುಂಬಿತ್ತು. ನಾನು ಬಾಗಿಲಲ್ಲಿ ಕಾಲಿಡುತ್ತಲೇ ಎದ್ದು ನಿಂತು ಚಪ್ಪಾಳೆ ಹೊಡೆದರು ಕಣೇ. ಹುಡುಗಿಯರು ಮುಂದಿನ ಬೆಂಚಿಗೆ ಜಗಳವಾಡಿ ಕೂತಿದ್ದರು. ಮಾಸ್ಕಿನೊಳಗೆ ನನಗೆ ಅಳುವೇ ಬಂತು. ಒಂದು ಗಳಿಗೆ ಅದೆಲ್ಲ ನನಗೇ ಅಂತ ಅನ್ನಿಸಿತು, ಇಲ್ಲ ಅನ್ನಲಾರೆ.

ಆಮೇಲೆ ಬಾಯಿ ಬಿಟ್ಟೆ. "ಬೆಳಗಿನ ಶುಭಾಶಯ ಮಕ್ಕಳೇ, ಈ ಟರ್ಮಲ್ಲಿ ನಾವು" ಅಂದೆ, ಅಷ್ಟೇ. ಮುಂದಿನ ಬೆಂಚಿನವರು ಮುಖ ಮುಖ ನೋಡಿಕೊಂಡರು. ಹಿಂದೆ ಗುಸುಗುಸು ಶುರುವಾಯಿತು. ಒಬ್ಬಳು ಎದ್ದಳು, ಸಣ್ಣಗೆ, ಹುಬ್ಬು ಕೂಡಿದ ಹುಡುಗಿ.

"ಡಾಕ್ಟೋರಾ, ಹುಷಾರಿಲ್ವಾ ನಿಮ್ಗೆ? ಧ್ವನಿ ಏನೋ ಒಂಥರಾ ಇದೆ."

"ಸ್ವಲ್ಪ ನೆಗಡಿ ಕಣಮ್ಮ" ಅಂದೆ. ಈ ಕಾಲದಲ್ಲಿ ನೆಗಡಿ ಅಂದರೆ ಗೊತ್ತಲ್ಲ, ಬೆಂಚೆಲ್ಲ ಹಿಂದಕ್ಕೆ ಸರಿಯಿತು. ಪರೀಕ್ಷೆ ಮಾಡಿಸಿದ್ದೇನೆ, ಆ ಕಾಯಿಲೆ ಅಲ್ಲ, ಬರೀ ಗಂಟಲು ಅಂತ ಸಮಾಧಾನ ಹೇಳಿದೆ. ಪಾಠ ಮಾಡಿದೆ. ನಿನ್ನ ಆಲೂಗಡ್ಡೆಯನ್ನೇ ಹೇಳಿದೆ, ನಿನ್ನ ರೊಟ್ಟಿ ಅಂಗಡಿಯನ್ನೇ ಹೇಳಿದೆ. ಯಾರೂ ನಗಲಿಲ್ಲ. ಪಾಪ, ಇವರಿಗೆ ಹುಷಾರಿಲ್ಲ ಅಂತ ಸಹಿಸಿಕೊಂಡು ಕೂತರು.

ಎರಡನೇ ವಾರವೂ ಅದೇ ಕೇಳಿದರು, ಅದೇ ನೆಗಡಿ ಹೇಳಿದೆ. ನಿನ್ನೆ ಮೂರನೇ ಸೆಕ್ಷನ್. ಒಳಗೆ ಹೋದರೆ ಮೇಜಿನ ಮೇಲೆ ಜಾಗವೇ ಇಲ್ಲ. ಪೇರಲೆ ಎಲೆಯ ಕಂತೆಗಳು, ನಿಂಬೆಹಣ್ಣು, ಯಾರದೋ ಅಜ್ಜಿ ಕೊಟ್ಟ ಜೇನು. ಆ ಹುಬ್ಬು ಕೂಡಿದವಳು ಹತ್ತಿರ ಬಂದು ಹೇಳಿದಳು, "ಎಲೆ ಚೆನ್ನಾಗಿ ಕುದಿಸಿ, ಬಿಸಿಬಿಸಿ ಇರುವಾಗ್ಲೇ ಕುಡೀಬೇಕು ಡಾಕ್ಟೋರಾ. ನಾವೆಲ್ಲ ಸೇರಿ ತಂದಿದ್ದೀವಿ. ನಿಮ್ಮ ಮಾಮೂಲಿ ಧ್ವನಿ ವಾಪಸ್ ಬರಲೇಬೇಕು." ಹೆಸರು ಕೇಳಿದೆ. ಅವಳು ಬೆಪ್ಪಾಗಿ ನನ್ನನ್ನೇ ನೋಡಿ, "ನಾನು ಮೈದಾ ಅಲ್ವಾ" ಅಂದಳು.

ನೀನು ಕೇಳಿದ್ದಕ್ಕೆ ಉತ್ತರ ಅದು. ಮಾತಾಡುತ್ತಾಳೆ.

ಮನೆ ತುಂಬ ಪೇರಲೆ ಎಲೆ. ಬಿಸಾಕಲು ಮನಸ್ಸು ಬರುವುದಿಲ್ಲ, ನಿನ್ನೆಯಿಂದ ಕುದಿಸಿ ಕುದಿಸಿ ಕುಡಿಯುತ್ತಿದ್ದೇನೆ. ನನ್ನ ಗಂಟಲು ಸರಿಹೋಗಿ ನೀನು ಹೊರಗೆ ಬರುವುದನ್ನೇ ಆ ಮಕ್ಕಳೆಲ್ಲ ಕಾಯುತ್ತಿದ್ದಾರೆ.

ವಿಸಾಮ್